ಒಂದು ಕೂದಲೆಳೆಯಿಂದ ಶುರು: ಸುರುಳಿ ಪ್ರೋಟೀನನ್ನು ಎಳೆದು ನೋಡುವುದು ಹೇಗೆ?

ಬಾಚಣಿಗೆಯಲ್ಲಿ ಸಿಕ್ಕ ಉದ್ದ ಕೂದಲೊಂದನ್ನು ಒದ್ದೆ ಮಾಡಿ. ಎರಡೂ ತುದಿಗಳನ್ನು ಬೆರಳಿಗೆ ಸುತ್ತಿಕೊಂಡು ನಿಧಾನವಾಗಿ ಎಳೆಯಿರಿ. ಮೊದಲು ಬಿಗಿ ಅನ್ನಿಸುತ್ತದೆ. ಆಮೇಲೆ ಒಂದು ಹಂತದಲ್ಲಿ ಕೂದಲು ಸೋತು ಬಿಟ್ಟುಕೊಟ್ಟ ಹಾಗೆ ಉದ್ದವಾಗುತ್ತಲೇ ಹೋಗುತ್ತದೆ, ಜಾಸ್ತಿ ಬಲ ಹಾಕುವುದೇ ಬೇಡ. ಇನ್ನೂ ಎಳೆದರೆ ಮತ್ತೆ ಬಿಗಿ. ಕೊನೆಗೆ ಪಟ್ ಅಂತ ತುಂಡು.

ಈ ಬಿಗಿ, ಸಡಿಲ, ಮತ್ತೆ ಬಿಗಿ ಅನ್ನುವ ಆಟ ಕೂದಲಿನೊಳಗಿನ ಕೆರಾಟಿನ್ ಅನ್ನುವ ಪ್ರೋಟೀನಿನದು. ಅದೇ ಆಟ ಸ್ನಾಯುವನ್ನು ಎಳೆಯುವ ಮಯೋಸಿನ್ ಪ್ರೋಟೀನಿನ ಉದ್ದ ಬಾಲದಲ್ಲೂ ಇದೆ, ಗಾಯದ ಮೇಲೆ ಹೆಪ್ಪುಗಟ್ಟಿದ ರಕ್ತದ ಫೈಬ್ರಿನ್ ಎಳೆಯಲ್ಲೂ ಇದೆ. ಅದನ್ನು ಅಡುಗೆಮನೆಯ ತಕ್ಕಡಿಯಲ್ಲಿ ಅಳೆಯಬಹುದು. ಕಂಪ್ಯೂಟರಿನಲ್ಲಿ ಅಣು ಅಣುವಾಗಿ ಬಿಚ್ಚಿಯೂ ನೋಡಬಹುದು. ಇಲ್ಲಿ ಎರಡನ್ನೂ ಮಾಡೋಣ. ಪಿಯುಸಿ ಮಟ್ಟದ ವಿಜ್ಞಾನ ಗೊತ್ತಿದ್ದರೆ ಸಾಕು.

ಶುರು ಮಾಡುವ ಮೊದಲು ಒಂದು ಮಾತು. "ಈ ಪ್ರೋಟೀನ್ ಎಷ್ಟು ಗಟ್ಟಿ?" ಅನ್ನುವುದು ಅರ್ಧ ಪ್ರಶ್ನೆ. ಎಲ್ಲಿ ಹಿಡಿದು ಎಳೆದಿರಿ, ಎಷ್ಟು ಬೇಗ ಎಳೆದಿರಿ, ಸುತ್ತ ನೀರಿತ್ತೋ ಇಲ್ಲವೋ, ಇಷ್ಟನ್ನೂ ಹೇಳಿದರೆ ಮಾತ್ರ ಉತ್ತರಕ್ಕೆ ಅರ್ಥ. ಹೊಸಬರು ಎಡವುವುದು ಇಲ್ಲೇ.

ಮೊದಲು ಹುರಿ ಅಂದರೇನು ನೋಡಿ

ತೆಂಗಿನ ನಾರಿನ ಹಗ್ಗ ಹೊಸೆಯುವುದನ್ನು ನೋಡಿದ್ದೀರಾ? ಒಂದೊಂದು ಎಳೆಯನ್ನು ಒಂದು ಕಡೆಗೆ ಹೊಸೆಯುತ್ತಾರೆ. ಆಮೇಲೆ ಎರಡು ಎಳೆಗಳನ್ನು ಸೇರಿಸಿ ಎದುರು ದಿಕ್ಕಿಗೆ ಹುರಿ ಮಾಡುತ್ತಾರೆ. ಒಂದು ತಿರುವು ಬಿಚ್ಚಿಕೊಳ್ಳಲು ಹೊರಟರೆ ಇನ್ನೊಂದು ಬಿಗಿಯಾಗುತ್ತದೆ. ಹಾಗಾಗಿ ಹಗ್ಗ ತಾನಾಗಿ ಬಿಚ್ಚುವುದಿಲ್ಲ.

ಕೆರಾಟಿನ್, ಮಯೋಸಿನ್ ಎರಡರಲ್ಲೂ ಇದೇ ಉಪಾಯ. ಅಮೈನೋ ಆಮ್ಲಗಳ ಸರ ಮೊದಲು ಬಲಕ್ಕೆ ತಿರುಗುವ ಸುರುಳಿಯಾಗುತ್ತದೆ. ಇದು ಆಲ್ಫಾ ಹೆಲಿಕ್ಸ್. ಅಂಥ ಎರಡು ಸುರುಳಿಗಳು ಒಂದರ ಮೇಲೊಂದು ಎಡಕ್ಕೆ ಸುತ್ತಿಕೊಂಡು ಹುರಿಯಾಗುತ್ತವೆ. ವಿಜ್ಞಾನಿಗಳು ಇದನ್ನು ಕಾಯಿಲ್ಡ್ ಕಾಯಿಲ್ ಅನ್ನುತ್ತಾರೆ. ನಾನು ಸುಮ್ನೆ ಹುರಿ ಅನ್ನುತ್ತೇನೆ.

ಎರಡು ಸುರುಳಿ ಯಾಕೆ ಅಂಟಿಕೊಳ್ಳುತ್ತವೆ ಅಂತ ಕಾಗದದ ಮೇಲೆ ನೋಡಿ. ಒಂದು ವೃತ್ತ ಬರೆಯಿರಿ. ಕೋನಮಾಪಕ ಇಟ್ಟು ಪ್ರತಿ 100 ಡಿಗ್ರಿಗೆ ಒಂದು ಚುಕ್ಕೆ ಇಡುತ್ತಾ, 1, 2, 3 ಅಂತ 28ರ ತನಕ ನಂಬರ್ ಹಾಕಿ. ಒಂದು ಸುತ್ತಿಗೆ 3.6 ಅಮೈನೋ ಆಮ್ಲ ಬರುವುದರಿಂದ ಈ 100 ಡಿಗ್ರಿ. ಈಗ 1, 4, 8, 11, 15, 18, 22, 25ಕ್ಕೆ ಕೆಂಪು ಬಣ್ಣ ಹಾಕಿ. ಕೆಂಪು ಚುಕ್ಕೆಗಳೆಲ್ಲ ಹೆಚ್ಚು ಕಡಿಮೆ ಒಂದೇ ಕಡೆ ಗುಂಪಾಗಿವೆ, ಅಲ್ವಾ? ಆ ಜಾಗಗಳಲ್ಲಿ ಸಾಮಾನ್ಯವಾಗಿ ಲ್ಯೂಸಿನ್, ವ್ಯಾಲಿನ್‌ನಂಥ ಎಣ್ಣೆ ಗುಣದ, ನೀರು ಕಂಡರೆ ಆಗದ ಅಮೈನೋ ಆಮ್ಲಗಳು ಇರುತ್ತವೆ. ಎರಡು ಸುರುಳಿಗಳ ಎಣ್ಣೆ ಪಟ್ಟಿಗಳು ನೀರಿನಿಂದ ತಪ್ಪಿಸಿಕೊಳ್ಳಲು ಎದುರು ಬದುರು ಕೂರುತ್ತವೆ.

ಇನ್ನೊಂದು ಗಮನಿಸಿ. ಏಳು ಹೆಜ್ಜೆಗೆ 700 ಡಿಗ್ರಿ ಆಯಿತು. ಎರಡು ಪೂರ್ತಿ ಸುತ್ತಿಗೆ 720 ಬೇಕು. ಪ್ರತಿ ಏಳಕ್ಕೆ 20 ಡಿಗ್ರಿ ಹಿಂದೆ ಬೀಳುತ್ತದೆ. ಕೆಂಪು ಪಟ್ಟಿ ನೇರವಾಗಿ ಹೋಗದೆ ಓರೆಯಾಗುತ್ತದೆ. ಆ ಓರೆ ಪಟ್ಟಿಗಳು ಅಂಟಿಕೊಂಡೇ ಇರಬೇಕು ಅಂದರೆ ಸುರುಳಿಗಳು ಒಂದನ್ನೊಂದು ಸುತ್ತಲೇಬೇಕು. ಹುರಿ ಹುಟ್ಟುವುದು ಈ 20 ಡಿಗ್ರಿ ಸಾಲದಿಂದ. 1952-53ರಲ್ಲಿ ಫ್ರಾನ್ಸಿಸ್ ಕ್ರಿಕ್ ಇದನ್ನು ಲೆಕ್ಕ ಹಾಕಿ ತೋರಿಸಿದರು. ಕೂದಲಿನ ಎಕ್ಸ್-ರೇ ಚಿತ್ರದಲ್ಲಿ 5.1 ಆಂಗ್‌ಸ್ಟ್ರಾಂ ಗುರುತು ಬರುತ್ತಿತ್ತು, 1951ರಲ್ಲಿ ಲೈನಸ್ ಪೌಲಿಂಗ್ ತಂಡ ಹೇಳಿದ ಸುರುಳಿಯ ಸುತ್ತು ಮಾತ್ರ 5.4. ಸುರುಳಿ ಸುಮಾರು 20 ಡಿಗ್ರಿ ವಾಲಿದೆ ಅಂದುಕೊಂಡರೆ ಲೆಕ್ಕ ಸರಿಹೋಗುತ್ತದೆ.

ಎಳೆಯುವ ಮುಂಚೆ ಉದ್ದದ ಲೆಕ್ಕ

ಒಂದು ಅಮೈನೋ ಆಮ್ಲ ಸರದ ಉದ್ದಕ್ಕೆ ಎಷ್ಟು ಸೇರಿಸುತ್ತದೆ? ಆಲ್ಫಾ ಸುರುಳಿಯಲ್ಲಿ 0.15 ನ್ಯಾನೋಮೀಟರ್. ಬಿಚ್ಚಿ ಚಾಚಿದ ಬೀಟಾ ರೂಪದಲ್ಲಿ ಸುಮಾರು 0.33ರಿಂದ 0.35. ಅಂದರೆ ಸುರುಳಿಯ ಮಡಿಲಲ್ಲಿ ಎರಡು ಪಟ್ಟಿಗಿಂತ ಜಾಸ್ತಿ ಉದ್ದ ಅಡಗಿದೆ.

ಈ ಒಂದು ಲೆಕ್ಕದಿಂದಲೇ ಬೇರೆ ಪ್ರೋಟೀನ್‌ಗಳ ನಡತೆಯನ್ನೂ ಊಹಿಸಬಹುದು. ಸ್ನಾಯುರಜ್ಜು, ಚರ್ಮದಲ್ಲಿರುವ ಕೊಲಾಜೆನ್ ಕೂಡ ಹುರಿಯೇ. ಮೂರೆಳೆಯ ಹುರಿ. ಅದರ ರಚನೆಯನ್ನು 1954-55ರಲ್ಲಿ ಮದ್ರಾಸಿನಲ್ಲಿ ಬಿಡಿಸಿದವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರಾಮಚಂದ್ರನ್ ಓದಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಮುಂದೆ ಅಲ್ಲೇ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದವರೂ ಅವರೇ. ಕೊಲಾಜೆನ್‌ನಲ್ಲಿ ಒಂದು ಅಮೈನೋ ಆಮ್ಲಕ್ಕೆ ಸುಮಾರು 0.29 ನ್ಯಾನೋಮೀಟರ್. ಆಗಲೇ ಮುಕ್ಕಾಲು ಪಾಲಿಗಿಂತ ಜಾಸ್ತಿ ಚಾಚಿಕೊಂಡಿದೆ, ಕೊಡಲು ಉಳಿದಿರುವುದು ಕಡಿಮೆ. ಹಾಗಾಗಿ ಸ್ನಾಯುರಜ್ಜು ರಬ್ಬರಿನ ಹಾಗೆ ಹಿಗ್ಗುವುದಿಲ್ಲ, ಹಿಗ್ಗಲೂಬಾರದು. ರಾಮನಗರದ ರೇಷ್ಮೆಗೂಡಿನ ಎಳೆಯಂತೂ ಬಹುಪಾಲು ಚಾಚಿದ ಬೀಟಾ ರೂಪದಲ್ಲೇ ಇದೆ. ಒಣ ರೇಷ್ಮೆ 15ರಿಂದ 25% ಹಿಗ್ಗುವಷ್ಟರಲ್ಲಿ ತುಂಡಾಗುತ್ತದೆ. ಒದ್ದೆ ಕೂದಲು ಅದರ ಎರಡರಷ್ಟು ಹೋಗುತ್ತದೆ.

ಕೂದಲಿನ ಪ್ರಯೋಗ: ತಕ್ಕಡಿ ಉಲ್ಟಾ ಬಳಸಿ

ಕೂದಲಿಗೆ ತೂಕ ನೇತುಹಾಕುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಅದನ್ನು ಮಾಡಬೇಡಿ. ಕೂದಲು ಸೋಲುವ ಹಂತ ಬಂದ ಕೂಡಲೇ ತೂಕ ಸರ್ರನೆ ಕೆಳಗಿಳಿಯುತ್ತದೆ, ನಡುವಿನ ಕಥೆಯೆಲ್ಲ ತಪ್ಪಿಹೋಗುತ್ತದೆ. ಬದಲಿಗೆ ಉದ್ದವನ್ನು ನೀವು ನಿರ್ಧರಿಸಿ, ಬಲ ಎಷ್ಟಾಯಿತು ಅಂತ ಓದಿಕೊಳ್ಳಿ. ಲ್ಯಾಬುಗಳಲ್ಲಿ ಒಂಟಿ ಅಣುವನ್ನು ಎಳೆಯುವಾಗಲೂ ಸಾಮಾನ್ಯವಾಗಿ ಹೀಗೇ ಮಾಡುತ್ತಾರೆ.

ಬೇಕಾದದ್ದು: ಬಣ್ಣ, ಸ್ಮೂದನಿಂಗ್ ಏನೂ ಕಾಣದ 20 ಸೆಂ.ಮೀ. ಕೂದಲು. ಕಾಲು ಗ್ರಾಂಗಿಂತ ಸೂಕ್ಷ್ಮವಾಗಿ ಓದುವ ಡಿಜಿಟಲ್ ತಕ್ಕಡಿಯಾದರೆ ಒಳ್ಳೆಯದು, ಒಂದು ಗ್ರಾಂ ಓದುವ ಅಡುಗೆಮನೆಯದೂ ನಡೆಯುತ್ತದೆ. ಕತ್ತು ಕತ್ತರಿಸಿದ ಒಂದು ಲೀಟರ್ ನೀರಿನ ಬಾಟಲಿ. ಕೈಹಿಡಿ ತಿರುಗಿಸಿದರೆ ನಡುಗಂಬ ಮೇಲೇರುವ ಕ್ಯಾಮೆರಾ ಟ್ರೈಪಾಡ್. ಸೈಕಲ್ ಚಕ್ರದ ಹಳೇ ಕಡ್ಡಿ, ಹಳೇ ಎಟಿಎಂ ಕಾರ್ಡ್, ಫೆವಿಕ್ವಿಕ್, ಎಂಸೀಲ್, ಒಂದು ದಪ್ಪ ಕಬ್ಬಿಣದ ನಟ್ಟು, ಒಂದು ಸ್ಕೇಲು.

1. ಕೂದಲನ್ನು ಶಾಂಪೂ ಹಾಕಿ ತೊಳೆದು ಒಣಗಿಸಿ. ಎಣ್ಣೆ ಉಳಿದರೆ ಅಂಟು ಹಿಡಿಯುವುದಿಲ್ಲ.

2. ಎಟಿಎಂ ಕಾರ್ಡಿನಿಂದ ಬೆರಳುಗುರಿನಷ್ಟು ನಾಲ್ಕು ತುಂಡು ಕತ್ತರಿಸಿ. ಎರಡೆರಡು ತುಂಡುಗಳ ನಡುವೆ ಕೂದಲನ್ನು ಇಟ್ಟು ಫೆವಿಕ್ವಿಕ್‌ನಿಂದ ಅಂಟಿಸಿ. ಎರಡು ಹಿಡಿಗಳ ನಡುವೆ ಸರಿಯಾಗಿ 10 ಸೆಂ.ಮೀ. ಕೂದಲು ಇರಲಿ. ಆಗ 1 ಮಿ.ಮೀ. ಅಂದರೆ 1%, ತಲೆನೋವಿಲ್ಲ. ಗಂಟು ಹಾಕಬೇಡಿ, ಗಂಟಿನ ಹತ್ತಿರವೇ ತುಂಡಾಗುತ್ತದೆ. ಅಂಟು ಒಂದು ರಾತ್ರಿ ಒಣಗಲಿ. ನಾನು ಆತುರಪಟ್ಟಾಗಲೆಲ್ಲ ಕೂದಲು ಹಿಡಿಯೊಳಗೆ ಮೆಲ್ಲಗೆ ಜಾರಿದೆ. ಗ್ರಾಫಿನಲ್ಲಿ ಅದು ಥೇಟ್ ಕೂದಲು ಸೋತ ಹಾಗೇ ಕಾಣುತ್ತದೆ! ಹಿಡಿಯ ಅಂಚಿನಲ್ಲಿ ಕೂದಲಿಗೆ ಮಾರ್ಕರಿನಿಂದ ಚುಕ್ಕೆ ಇಟ್ಟುಕೊಂಡರೆ ಜಾರಿದ್ದು ಗೊತ್ತಾಗುತ್ತದೆ.

3. ಕೆಳಗಿನ ಹಿಡಿಯನ್ನು ನಟ್ಟಿಗೆ, ನಟ್ಟನ್ನು ಬಾಟಲಿಯ ತಳಕ್ಕೆ ಎಂಸೀಲ್‌ನಿಂದ ಕೂರಿಸಿ. ಮೇಲಿನ ಹಿಡಿಗೆ ಸೈಕಲ್ ಕಡ್ಡಿ, ಕಡ್ಡಿ ಟ್ರೈಪಾಡಿನ ಕಂಬಕ್ಕೆ. ಕಂಬದ ಪಕ್ಕದಲ್ಲಿ ಸ್ಕೇಲು ಕಟ್ಟಿ.

4. ಬಾಟಲಿಯನ್ನು ತಕ್ಕಡಿಯ ಮೇಲಿಟ್ಟು ಕೂದಲು ಪೂರ್ತಿ ಮುಳುಗುವಷ್ಟು ನೀರು ಹಾಕಿ. ಅರ್ಧ ಗಂಟೆ ನೆನೆಯಲಿ.

5. ಕೂದಲು ತುಸು ಸಡಿಲ ಇರುವಾಗ ತಕ್ಕಡಿಯನ್ನು ಸೊನ್ನೆಗೆ ತನ್ನಿ. ಈಗ ಕಂಬ ಏರಿಸಿದರೆ ಕೂದಲು ಬಾಟಲಿಯನ್ನು ಮೇಲಕ್ಕೆ ಎಳೆಯುತ್ತದೆ. ತಕ್ಕಡಿ ಮೈನಸ್ 5, ಮೈನಸ್ 10 ಅಂತ ತೋರಿಸುತ್ತದೆ. ಅದೇ ನಿಮ್ಮ ಎಳೆತ. 1 ಗ್ರಾಂ ಅಂದರೆ 9.8 ಮಿಲಿನ್ಯೂಟನ್. ಕಡ್ಡಿ ನೀರಿನಿಂದ ಮೇಲೇಳುವಾಗ ತೇಲುಬಲ ಬದಲಾಗುತ್ತದಲ್ಲ ಅಂತ ಕೇಳಬಹುದು. 2 ಮಿ.ಮೀ. ದಪ್ಪದ ಕಡ್ಡಿ 3 ಸೆಂ.ಮೀ. ಮೇಲೆದ್ದರೆ 0.1 ಗ್ರಾಂ ಕೂಡ ವ್ಯತ್ಯಾಸ ಬರುವುದಿಲ್ಲ, ಬಿಡಿ.

6. ಮೊದಲ 5 ಮಿ.ಮೀ.ವರೆಗೆ ಅರ್ಧರ್ಧ ಮಿ.ಮೀ. ಏರಿಸಿ. ಆಮೇಲೆ ಒಂದೊಂದು ಮಿ.ಮೀ. ಪ್ರತಿ ಸಲ ಏರಿಸಿ ಸರಿಯಾಗಿ 30 ಸೆಕೆಂಡ್ ಕಾದು ಓದಿ. ಕಾಯುವ ಹೊತ್ತು ಎಲ್ಲಾ ಸಲವೂ ಒಂದೇ ಇರಬೇಕು, ಯಾಕೆಂದರೆ ಉದ್ದ ಬದಲಾಗದಿದ್ದರೂ ಎಳೆತ ತಾನಾಗಿ ಇಳಿಯುತ್ತಿರುತ್ತದೆ.

ಎರಡು ಕಿರಿಕಿರಿ ಹೇಳಿಬಿಡುತ್ತೇನೆ. ಕೆಲವು ತಕ್ಕಡಿಗಳು ಎರಡು ನಿಮಿಷಕ್ಕೆ ತಾವೇ ಆಫ್ ಆಗುತ್ತವೆ. ಇನ್ನು ಕೆಲವು, ಓದು ತೀರಾ ನಿಧಾನ ಬದಲಾದರೆ ಅದನ್ನು ದೋಷ ಅಂದುಕೊಂಡು ಸೊನ್ನೆಗೆ ಎಳೆಯುತ್ತವೆ. ಮೊದಲೇ ಒಂದು ತೂಕ ಇಟ್ಟು ಹತ್ತು ನಿಮಿಷ ಪರೀಕ್ಷಿಸಿಕೊಳ್ಳಿ.

ಕೂದಲಿನ ದಪ್ಪವೂ ಬೇಕು. ಕೆಂಪು ಲೇಸರ್ ಪಾಯಿಂಟರಿನ ಮುಂದೆ ಅದೇ ಕೂದಲಿನ ಮಿಕ್ಕ ತುಂಡನ್ನು ಅಂಟಿಸಿ, 2 ಮೀಟರ್ ದೂರದ ಗೋಡೆಗೆ ಬೆಳಕು ಬಿಡಿ. ನಡುವಿನ ಹೊಳಪಿನ ಎರಡೂ ಕಡೆ ಕತ್ತಲ ಗೆರೆ ಕಾಣುತ್ತದೆ. ಲೇಸರಿನ ತರಂಗಾಂತರ 650 ನ್ಯಾನೋಮೀಟರ್ ಆಗಿದ್ದು, ಮೊದಲ ಎರಡು ಕತ್ತಲ ಗೆರೆಗಳ ನಡುವೆ 32 ಮಿ.ಮೀ. ಇದ್ದರೆ ಕೂದಲು ಸುಮಾರು 80 ಮೈಕ್ರಾನ್ ದಪ್ಪ. ಅಂತರ ಕಡಿಮೆ ಇದ್ದರೆ ಕೂದಲು ದಪ್ಪ, ಜಾಸ್ತಿ ಇದ್ದರೆ ಸಣ್ಣ. ಲೇಸರನ್ನು ಯಾರ ಕಣ್ಣಿಗೂ ಬಿಡಬೇಡಿ.

ಗ್ರಾಫ್ ಓದುವುದು

80 ಮೈಕ್ರಾನ್ ಒದ್ದೆ ಕೂದಲಿಗೆ ಸುಮಾರಾಗಿ ಹೀಗಿರುತ್ತದೆ. ಮೊದಲ 2-3 ಮಿ.ಮೀ.ಯಲ್ಲಿ ಎಳೆತ ಸರಸರ ಏರಿ 20 ಗ್ರಾಂ ಆಸುಪಾಸಿಗೆ ಬರುತ್ತದೆ. ಇಲ್ಲಿ ಸುರುಳಿ ಬಿಚ್ಚಿಲ್ಲ, ಸ್ಪ್ರಿಂಗಿನ ಹಾಗೆ ತುಸು ಹಿಗ್ಗಿದೆ ಅಷ್ಟೆ. ಅಲ್ಲಿಂದ 25-30 ಮಿ.ಮೀ.ವರೆಗೆ ಗ್ರಾಫ್ ಹೆಚ್ಚು ಕಡಿಮೆ ಮಲಗಿಬಿಡುತ್ತದೆ. ಈ ಬಯಲಿನಲ್ಲೇ ಸುರುಳಿಗಳು ಬಿಚ್ಚುವುದು. ಎಲ್ಲವೂ ಒಟ್ಟಿಗೆ ಸ್ವಲ್ಪ ಸ್ವಲ್ಪ ಬಿಚ್ಚುವುದಿಲ್ಲ. ಕೆಲವು ಪೂರ್ತಿ ಬಿಚ್ಚುತ್ತವೆ, ಪಕ್ಕದವು ಹಾಗೇ ಇರುತ್ತವೆ. ಇನ್ನಷ್ಟು ಎಳೆದರೆ ಬಿಚ್ಚಿದವರ ಪಾಲು ಏರುತ್ತದೆ, ಬೇಕಾದ ಬಲ ಅಷ್ಟೇ ಇರುತ್ತದೆ. ನೀರು ಕುದಿಯುವಾಗ ಉರಿ ಎಷ್ಟೇ ಹಾಕಿದರೂ 100 ಡಿಗ್ರಿಯಲ್ಲೇ ನಿಲ್ಲುವುದಿಲ್ಲವೇ, ಹಾಗೆ. 30% ದಾಟಿದ ಮೇಲೆ ಗ್ರಾಫ್ ಮತ್ತೆ ತಲೆ ಎತ್ತುತ್ತದೆ. 50%ರ ಹತ್ತಿರ ಕೂದಲು ಕಡಿಯುತ್ತದೆ.

ಒಳಗೆ ರೂಪವೇ ಬದಲಾಗುತ್ತದೆ ಅಂತ ಮೊದಲು ಕಂಡವರು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದ ವಿಲಿಯಂ ಆಸ್ಟ್‌ಬರಿ. ಲೀಡ್ಸ್ ಉಣ್ಣೆ ಗಿರಣಿಗಳ ಊರು, ಉಣ್ಣೆಯೂ ಕೆರಾಟಿನ್ನೇ. 1930ರ ದಶಕದಲ್ಲಿ ಅವರು ಉಣ್ಣೆ, ಕೂದಲನ್ನು ಒದ್ದೆ ಮಾಡಿ ಎಳೆದು ಎಕ್ಸ್-ರೇ ಚಿತ್ರ ತೆಗೆದರು. ಎಳೆಯದ ಎಳೆಗೆ ಒಂದು ಚಿತ್ರ, ಎಳೆದದ್ದಕ್ಕೆ ಪೂರ್ತಿ ಬೇರೆ ಚಿತ್ರ. ಮೊದಲನೆಯದನ್ನು ಆಲ್ಫಾ, ಎರಡನೆಯದನ್ನು ಬೀಟಾ ಅಂದರು. ಇವತ್ತು ಪಠ್ಯಪುಸ್ತಕದಲ್ಲಿರುವ ಆಲ್ಫಾ ಹೆಲಿಕ್ಸ್, ಬೀಟಾ ಶೀಟ್ ಹೆಸರುಗಳ ಬೇರು ಈ ಎಳೆದ ಉಣ್ಣೆಯಲ್ಲಿದೆ. ಬಲ ಹಾಕಿ ನೋಡಿದ್ದರಿಂದಲೇ ರಚನೆಗೆ ಹೆಸರು ಬಂತು ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ಈಗ ಪ್ರಯೋಗದ ಅರ್ಧಕ್ಕೆ ನಿಲ್ಲಿಸುವ ಆಟ. ಹೊಸ ಕೂದಲು ತೆಗೆದುಕೊಂಡು 20%ವರೆಗೆ ಮಾತ್ರ ಎಳೆದು, ಕೂಡಲೇ ಸಡಿಲ ಬಿಡಿ. ನೀರಿನಲ್ಲೇ ಒಂದು ರಾತ್ರಿ ಇರಲಿ. ಮರುದಿನ ಮತ್ತೆ ಎಳೆದರೆ ಹೆಚ್ಚು ಕಡಿಮೆ ಅದೇ ಗ್ರಾಫ್ ಬರುತ್ತದೆ. ಸುರುಳಿ ಬಿಚ್ಚಿದ್ದು ಹಾಳಾದದ್ದಲ್ಲ, ಮತ್ತೆ ಸುತ್ತಿಕೊಂಡಿದೆ. 40% ಎಳೆದ ಕೂದಲು ಹೀಗೆ ಮರಳುವುದಿಲ್ಲ.

ಆಮೇಲೆ ನೀರಿಲ್ಲದೆ ಮಾಡಿ. ಒಣ ಕೂದಲು ಸೋಲಲು ಸುಮಾರು ಎರಡು ಪಟ್ಟು ಎಳೆತ ಬೇಕು. ಸುರುಳಿಯನ್ನು ಹಿಡಿದಿರುವುದು ಹೈಡ್ರೋಜನ್ ಬಂಧಗಳು. ಒಂದು ಬಂಧ ಕಡಿದಾಗ ಆ ಜಾಗಕ್ಕೆ ನೀರಿನ ಅಣು ಬಂದು ಕೈಹಿಡಿದರೆ ಕಡಿಯುವ ಖರ್ಚು ಕಮ್ಮಿ. ಒಣಗಿದ್ದಾಗ ಆ ಸಹಾಯವಿಲ್ಲ. ತಲೆ ಸ್ನಾನ ಆದ ಕೂಡಲೇ ಒದ್ದೆ ಕೂದಲನ್ನು ಜೋರಾಗಿ ಬಾಚಬೇಡ ಅಂತ ಮನೆಯಲ್ಲಿ ಬೈಯುವುದರ ಹಿಂದೆಯೂ ಇದೇ ಇದೆ.

ಒಂದೇ ಅಣುವಿಗೆ ಎಷ್ಟು ಬಲ?

ಒಂಟಿ ಹುರಿಯನ್ನು ಎಳೆಯಲು ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್ ಬೇಕು, ಅಂದರೆ ಸೂಕ್ಷ್ಮ ಮೊನೆಯಿಂದ ಅಣುವನ್ನು ಹಿಡಿದೆಳೆದು ಬಲ ಅಳೆಯುವ ಯಂತ್ರ. 2002ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮತಿಯಾಸ್ ರೀಫ್ ಮತ್ತು ಜೊತೆಗಾರರು ಮಯೋಸಿನ್ ಬಾಲವನ್ನು ಹೀಗೆ ಎಳೆದರು. ಅಲ್ಲೂ ಅದೇ ಮೂರು ಹಂತ. ಬಯಲು ಬಂದದ್ದು 25 ಪಿಕೊನ್ಯೂಟನ್ ಆಸುಪಾಸಿನಲ್ಲಿ. ಉದ್ದ ಸುಮಾರು ಎರಡೂವರೆ ಪಟ್ಟಾಯಿತು. ಬಿಟ್ಟರೆ ಬಂದ ದಾರಿಯಲ್ಲೇ ವಾಪಸ್. 25 ಪಿಕೊನ್ಯೂಟನ್ ಅಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಎರಡೂವರೆ ಪಾಲಿನ ತೂಕ. ಒಂದು ಮಯೋಸಿನ್ ತಲೆ ಎಳೆಯುವುದು ಕೆಲವೇ ಪಿಕೊನ್ಯೂಟನ್, ಹಾಗಾಗಿ ದಿನದ ಕೆಲಸದಲ್ಲಿ ಬಾಲ ಬಿಚ್ಚುವ ಭಯವಿಲ್ಲ.

ಇದನ್ನು ನಮ್ಮ ಕೂದಲಿಗೆ ತಾಳೆ ಹಾಕೋಣ. 80 ಮೈಕ್ರಾನ್ ಕೂದಲಿನ ಅಡ್ಡಕೊಯ್ತದಲ್ಲಿ, ಕೆರಾಟಿನ್ ತಂತುಗಳು ಸುಮಾರು 10 ನ್ಯಾನೋಮೀಟರಿಗೊಂದು ಇವೆ ಅಂದುಕೊಂಡರೆ 5 ಕೋಟಿ ತಂತು. ಒಂದು ತಂತುವಿನಲ್ಲಿ ಸುಮಾರು 16 ಹುರಿ. ಒಟ್ಟು 80 ಕೋಟಿ ಹುರಿ. ತಲಾ 25 ಪಿಕೊನ್ಯೂಟನ್ ಅಂದರೆ 0.02 ನ್ಯೂಟನ್, ಸುಮಾರು 2 ಗ್ರಾಂ. ತಕ್ಕಡಿ ತೋರಿಸಿದ್ದು 20! ಹತ್ತು ಪಟ್ಟು ವ್ಯತ್ಯಾಸ. ಲೆಕ್ಕ ತಪ್ಪಿಲ್ಲ. ಕೂದಲಿನಲ್ಲಿ ಹುರಿಗಳು ಒಂಟಿಯಾಗಿಲ್ಲ, ಒತ್ತೊತ್ತಾಗಿ ಹೆಣೆದುಕೊಂಡಿವೆ, ಸುತ್ತ ಗಂಧಕದ ಬಂಧಗಳಿಂದ ಬಿಗಿದ ಬೇರೆ ಪ್ರೋಟೀನಿನ ಗಾರೆ ಇದೆ. ಹುರಿ ಬಿಚ್ಚಬೇಕಾದರೆ ಅದೆಲ್ಲವನ್ನೂ ಸರಿಸಿಕೊಂಡು ಬಿಚ್ಚಬೇಕು.

ಇನ್ನೊಂದು ಚಿಕ್ಕ ಗುಣಾಕಾರ: ಬಯಲಿನ ಬಲ 25 ಪಿಕೊನ್ಯೂಟನ್, ಒಂದು ಅಮೈನೋ ಆಮ್ಲ ಬಿಚ್ಚಿದಾಗ ಸಿಗುವ ಉದ್ದ ಸುಮಾರು 0.2 ನ್ಯಾನೋಮೀಟರ್. ಗುಣಿಸಿದರೆ 5 ಪಿಕೊನ್ಯೂಟನ್-ನ್ಯಾನೋಮೀಟರ್. ಕೋಣೆಯ ಬಿಸಿಯಲ್ಲಿ ಅಣುಗಳ ಸಹಜ ಕುಣಿತದ ಶಕ್ತಿ ಇದೇ ಮಾನದಲ್ಲಿ 4.1. ಎರಡೂ ಹತ್ತಿರ ಹತ್ತಿರ. ಹುರಿಯ ಒಂದೊಂದು ಮೆಟ್ಟಿಲು ತೀರಾ ಅಗ್ಗ, ಅದಕ್ಕೇ ಅದು ಸುಲಭವಾಗಿ ಬಿಚ್ಚಿ ಸುಲಭವಾಗಿ ಸುತ್ತಿಕೊಳ್ಳುತ್ತದೆ.

ಹಿಡಿಯುವ ಜಾಗದ ಮಾತಿಗೆ ಬರೋಣ. ಮೇಲಿನದು ಎರಡೂ ಎಳೆಗಳನ್ನು ಉದ್ದಕ್ಕೆ ಎಳೆದಾಗಿನ ಕಥೆ. ಅದೇ ಹುರಿಯ ಒಂದೇ ತುದಿಯಲ್ಲಿ ಎರಡು ಎಳೆಗಳನ್ನು ಹಿಡಿದು ಜಿಪ್ಪಿನ ಹಾಗೆ ಅಗಲಿಸಿದರೆ ಸುಮಾರು 10 ಪಿಕೊನ್ಯೂಟನ್ ಮಟ್ಟದಲ್ಲೇ ಬಿಚ್ಚಿಕೊಳ್ಳುತ್ತದೆ. ಒಂದು ಎಳೆಯ ಮೇಲಿನ ತುದಿ, ಇನ್ನೊಂದರ ಕೆಳಗಿನ ತುದಿ ಹಿಡಿದು ಎದುರು ಬದುರು ಜಾರಿಸಿದರೆ ಕೆಲವು ಹತ್ತು ಪಿಕೊನ್ಯೂಟನ್ ಬೇಕು. ಅಂಟಿಸಿದ ಸ್ಟಿಕರನ್ನು ಮೂಲೆಯಿಂದ ಕೀಳುವುದಕ್ಕೂ ಮೇಲ್ಮೈಯ ಉದ್ದಕ್ಕೆ ತಳ್ಳುವುದಕ್ಕೂ ಇರುವ ವ್ಯತ್ಯಾಸ ಇದು.

ಕಂಪ್ಯೂಟರಿನಲ್ಲಿ ಎಳೆಯುವುದು

ಶುರುವಿಗೆ ಒಳ್ಳೆಯ ಅಣು ಯೀಸ್ಟಿನ ಜಿಸಿಎನ್4 ಪ್ರೋಟೀನಿನ ಹುರಿ ತುಂಡು. 1991ರಲ್ಲಿ ಇದರ ರಚನೆ ಸಿಕ್ಕಿತು. ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿ 2ಝಡ್‌ಟಿಎ (2ZTA) ಅಂತ ಹುಡುಕಿ, ಉಚಿತ. ಎರಡು ಎಳೆ, ತಲಾ 31 ಅಮೈನೋ ಆಮ್ಲ. ಚಿಕ್ಕದು, ಸರಳ. ಅಣುಗಳ ಚಲನೆಯನ್ನು ಲೆಕ್ಕ ಹಾಕುವ ಸಾಫ್ಟ್‌ವೇರ್ ಗ್ರೋಮ್ಯಾಕ್ಸ್ (GROMACS) ಇರಲಿ, ಅದೂ ಉಚಿತ. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಇದ್ದರೆ ಒಂದು ರಾತ್ರಿಯಲ್ಲಿ ಮೊದಲ ಎಳೆತ ಮುಗಿಸಬಹುದು.

ಮೊದಲು ಫೈಲಿನಲ್ಲಿರುವ ನೀರಿನ ಅಣುಗಳನ್ನು ತೆಗೆದು, ಎರಡೂ ಎಳೆಗಳ ತುದಿಗಳಿಗೆ ವಿದ್ಯುದಾವೇಶವಿಲ್ಲದ ಟೋಪಿ ಹಾಕಿ. ಇದು ದೊಡ್ಡ ಪ್ರೋಟೀನಿನಿಂದ ಕತ್ತರಿಸಿದ ತುಂಡು. ಬೋಳು ತುದಿಗಳ ಆವೇಶ ಅಲ್ಲಿ ನಿಜವಾಗಿ ಇರುವುದಿಲ್ಲ. ಪರಮಾಣುಗಳ ನಡುವಿನ ಬಲಗಳ ಲೆಕ್ಕಕ್ಕೆ ಸಿದ್ಧ ಸೂತ್ರಗಳ ಕಟ್ಟುಗಳಿವೆ, ಅವುಗಳಲ್ಲಿ ಚಾರ್ಮ್36ಎಂ (CHARMM36m) ಅಥವಾ ಈಚಿನ ಆಂಬರ್ (AMBER) ಆರಿಸಿ.

ಆಮೇಲೆ ಹುರಿಯನ್ನು ನೀರು ತುಂಬುವ ಒಂದು ಲೆಕ್ಕದ ಪೆಟ್ಟಿಗೆಯಲ್ಲಿಟ್ಟು, ಹುರಿಯ ಉದ್ದವನ್ನು ಪೆಟ್ಟಿಗೆಯ ಉದ್ದಕ್ಕೆ ಹೊಂದಿಸಿ. ಪೆಟ್ಟಿಗೆಯ ಅಳತೆಯಲ್ಲಿ ಒಂದು ಬಲೆ ಇದೆ. ಹುರಿ ಈಗ 4.5 ನ್ಯಾನೋಮೀಟರ್, ಪೂರ್ತಿ ಚಾಚಿದರೆ ಸುಮಾರು 10.5. ಹಾಗಾದರೆ 13 ಸಾಕು ಅನ್ನಿಸುತ್ತದೆ. ಸಾಲದು. ಸಾಮಾನ್ಯ ಎಳೆತದ ಆಯ್ಕೆಯಲ್ಲಿ ಎರಡು ಹಿಡಿಗಳ ಅಂತರ ಪೆಟ್ಟಿಗೆಯ ಅರ್ಧ ದಾಟಬಾರದು. ಪ್ರೋಗ್ರಾಂ ಅದೇ ಪೆಟ್ಟಿಗೆಯ ನಕಲುಗಳನ್ನು ಸುತ್ತಲೂ ಜೋಡಿಸಿಕೊಂಡಿರುತ್ತದೆ, ಅರ್ಧ ದಾಟಿದರೆ ಪಕ್ಕದ ಪೆಟ್ಟಿಗೆಯ ಪ್ರತಿಬಿಂಬವನ್ನೇ ಹತ್ತಿರ ಅಂದುಕೊಳ್ಳುತ್ತದೆ. ಆದ್ದರಿಂದ 6, 6, 22 ನ್ಯಾನೋಮೀಟರ್ ಇಡಿ. ಅದರೊಳಗೆ ಸುಮಾರು 26,000 ನೀರಿನ ಅಣು, ಒಟ್ಟು 80,000 ಪರಮಾಣು. 0.15 ಮೋಲಾರ್ ಉಪ್ಪೂ ಹಾಕಿ.

ಶಕ್ತಿ ಇಳಿಸಿ, 300 ಕೆಲ್ವಿನ್‌ಗೆ ಬಿಸಿ ಮಾಡಿ, ಪ್ರೋಟೀನನ್ನು ಹಿಡಿದಿಟ್ಟು ನೀರನ್ನು ಒಂದು ನ್ಯಾನೋಸೆಕೆಂಡ್ ಸಮಾಧಾನಪಡಿಸಿ. ನಂತರ ಹಿಡಿತ ತೆಗೆದು 20 ನ್ಯಾನೋಸೆಕೆಂಡ್ ಸುಮ್ನೆ ಬಿಡಿ. ಎಳೆಯದೆಯೇ ಹುರಿ ಬಿಚ್ಚುತ್ತಿದ್ದರೆ ಎಲ್ಲೋ ತಪ್ಪಿದೆ, ಮುಂದೆ ಹೋಗಬೇಡಿ.

ಈಗ ಎಳೆತ. ಒಂದು ತುದಿಯ ಎರಡೂ ಎಳೆಗಳ ಕೊನೆಯ ಆಲ್ಫಾ ಇಂಗಾಲಗಳು ಒಂದು ಗುಂಪು, ಇನ್ನೊಂದು ತುದಿಯವು ಇನ್ನೊಂದು ಗುಂಪು. ನಡುವೆ ಸ್ಪ್ರಿಂಗ್ ಕಟ್ಟಿ ಸಮ ವೇಗದಲ್ಲಿ ಎಳೆಯಿರಿ. ಸ್ಪ್ರಿಂಗಿನ ಬಿಗಿ ಗ್ರೋಮ್ಯಾಕ್ಸ್ ಮಾನದಲ್ಲಿ 1000 ಇರಲಿ. ಬಲದ ಓದನ್ನು 1.66ರಿಂದ ಗುಣಿಸಿದರೆ ಪಿಕೊನ್ಯೂಟನ್ ಸಿಗುತ್ತದೆ. ಇದನ್ನು ಮರೆತು ಗ್ರಾಫ್ ಹಾಕಿದವರು ಬಹಳ ಜನ, ನಾನೂ ಸೇರಿ.

ವೇಗ ಮೂರು ಇಡಿ: ನ್ಯಾನೋಸೆಕೆಂಡಿಗೆ 10, 1 ಮತ್ತು 0.1 ನ್ಯಾನೋಮೀಟರ್. ಪ್ರತಿ ಎಳೆತದ ವೇಗಕ್ಕೂ, ಪರಮಾಣುಗಳಿಗೆ ಬೇರೆ ಬೇರೆ ಆರಂಭಿಕ ವೇಗ ಕೊಟ್ಟು ಐದೈದು ಸಲ ಓಡಿಸಿ. ಒಂದೇ ಓಟದ ಏರಿಳಿತ ನೋಡಿ ಕಥೆ ಕಟ್ಟಬೇಡಿ.

ಕಂಡದ್ದನ್ನು ಎಷ್ಟು ನಂಬಬೇಕು

ಮೊದಲ ಆಘಾತ: ಬಲ 25 ಅಲ್ಲ, ನೂರಾರು ಪಿಕೊನ್ಯೂಟನ್ ಬರುತ್ತದೆ. ಗಾಬರಿ ಬೇಡ. ನ್ಯಾನೋಸೆಕೆಂಡಿಗೆ 1 ನ್ಯಾನೋಮೀಟರ್ ಅಂದರೆ ಸೆಕೆಂಡಿಗೆ 1 ಮೀಟರ್. ಲ್ಯಾಬಿನಲ್ಲಿ ಎಳೆಯುವುದು ಸೆಕೆಂಡಿಗೆ ಸುಮಾರು 1 ಮೈಕ್ರಾನ್. ನೀವು ಹತ್ತು ಲಕ್ಷ ಪಟ್ಟು ಬೇಗ ಎಳೆದಿದ್ದೀರಿ. ನಿಧಾನ ಎಳೆದಾಗ ಬಿಸಿಯ ಕುಣಿತವೇ ಬಂಧಗಳನ್ನು ಸಡಿಲಿಸಲು ಸಹಾಯ ಮಾಡುತ್ತದೆ. ಬೇಗ ಎಳೆದರೆ ಅದಕ್ಕೆ ಸಮಯವೇ ಇಲ್ಲ, ಎಲ್ಲಾ ಕೆಲಸ ನಿಮ್ಮ ಸ್ಪ್ರಿಂಗಿನದು. ಮೂರು ವೇಗಗಳ ಬಯಲಿನ ಎತ್ತರವನ್ನು ಪಕ್ಕ ಪಕ್ಕ ಇಡಿ. ವೇಗ ಇಳಿದಂತೆ ಬಲ ಇಳಿಯುವ ದಿಕ್ಕು ಕಾಣಬೇಕು. ಆ ದಿಕ್ಕು ನಂಬಬಹುದಾದದ್ದು, ಬಲದ ಅಂಕಿ ಅಲ್ಲ.

ವೇಗ ಆಕಾರವನ್ನೂ ಬದಲಿಸುತ್ತದೆ. 10ರ ವೇಗದ ಓಟದ ಚಿತ್ರ ನೋಡಿ. ಹಿಡಿದ ತುದಿಯ ಹತ್ತಿರವೇ ಸುರುಳಿ ಮೊದಲು ಬಿಚ್ಚಿ, ಬಿಚ್ಚುವಿಕೆ ಒಳಕ್ಕೆ ಸಾಗುವುದು ಕಾಣಬಹುದು. ನಡುವಿನ ಭಾಗಕ್ಕೆ ಸುದ್ದಿಯೇ ಮುಟ್ಟಿಲ್ಲ, ನೀರಿನ ತಡೆ ತಡಮಾಡಿದೆ. ನಿಧಾನದ ಓಟದಲ್ಲಿ ದುರ್ಬಲ ಜಾಗ ಎಲ್ಲಿದೆಯೋ ಅಲ್ಲಿ ಬಿಚ್ಚಲು ಅವಕಾಶ ಜಾಸ್ತಿ. ಜಿಸಿಎನ್4ರ ನಡುವೆ, ಎಣ್ಣೆ ಪಟ್ಟಿಯೊಳಗೆ, ನೀರನ್ನು ಇಷ್ಟಪಡುವ ಆಸ್ಪರಜಿನ್ ಒಂದು ಕೂತಿದೆ. 16ನೇ ಜಾಗ. ಅದರ ಸುತ್ತ ಏನಾಗುತ್ತದೆ ಅಂತ ವಿಶೇಷವಾಗಿ ಗಮನಿಸಿ.

ಬಲವನ್ನು ಸಮಯದ ಎದುರು ಹಾಕಬೇಡಿ, ಎರಡು ತುದಿಗಳ ನಿಜವಾದ ಅಂತರದ ಎದುರು ಹಾಕಿ. ಸ್ಪ್ರಿಂಗ್ ಹಿಗ್ಗಿದ್ದು ಹುರಿ ಹಿಗ್ಗಿದ್ದಲ್ಲ. ಅದರ ಕೆಳಗೆ ಡಿಎಸ್‌ಎಸ್‌ಪಿ ಪ್ರೋಗ್ರಾಂ ಕೊಡುವ ಸುರುಳಿಯ ಪಾಲನ್ನೂ ಬರೆಯಿರಿ. ಜೊತೆಗೆ ರಾಮಚಂದ್ರನ್ ನಕ್ಷೆ. ಅಮೈನೋ ಆಮ್ಲದ ಎರಡು ತಿರುವು ಕೋನಗಳು ಎಲ್ಲೆಲ್ಲಿ ಇರಬಹುದು ಅಂತ 1963ರಲ್ಲಿ ರಾಮಚಂದ್ರನ್ ತಂಡ ತೋರಿಸಿದ ನಕ್ಷೆ ಇದು. ಎಳೆಯುವ ಮೊದಲು ಚುಕ್ಕೆಗಳೆಲ್ಲ ಮೈನಸ್ 60, ಮೈನಸ್ 45ರ ಬಳಿ ಗುಂಪಾಗಿರುತ್ತವೆ. ಬಯಲಿನಲ್ಲಿ ಒಂದೊಂದೇ ಚುಕ್ಕೆ ಹಾರಿ ಮೈನಸ್ 120, ಪ್ಲಸ್ 130ರ ಕಡೆಗೆ ಹೋಗುತ್ತದೆ. ನಡುವೆ ನಿಲ್ಲುವವು ಕಡಿಮೆ. ತಕ್ಕಡಿಯ ಮುಂದೆ ಕೂತಾಗ "ಕೆಲವು ಪೂರ್ತಿ ಬಿಚ್ಚುತ್ತವೆ, ಪಕ್ಕದವು ಹಾಗೇ ಇರುತ್ತವೆ" ಅಂದೆನಲ್ಲ, ಅದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಬೀಟಾ ಶೀಟ್ ಮೂಡಲಿಲ್ಲ ಅಂತ ಬೇಸರಪಡಬೇಡಿ. ಚಾಚಿದ ಎಳೆಗಳು ಪಕ್ಕದ ಎಳೆಯೊಂದಿಗೆ ಹೊಸ ಬಂಧ ಕಟ್ಟಿಕೊಳ್ಳಲು ಸಮಯವೂ ಬೇಕು, ಉದ್ದವೂ ಬೇಕು. 31ರ ತುಂಡಿಗೆ ಎರಡೂ ಕಮ್ಮಿ. ಅದನ್ನೇ ನೋಡಬೇಕೆಂದರೆ ಮನುಷ್ಯರ ಫೈಬ್ರಿನೋಜನ್‌ಗೆ (ರಕ್ತ ಹೆಪ್ಪುಗಟ್ಟುವಾಗ ಫೈಬ್ರಿನ್ ಆಗುವ ಪ್ರೋಟೀನ್) ಹೋಗಿ. ಅದರ ಮೂರೆಳೆಯ ಹುರಿ ಸುಮಾರು 17 ನ್ಯಾನೋಮೀಟರ್ ಉದ್ದ. ಪೆಟ್ಟಿಗೆ ಎಷ್ಟು ಉದ್ದ ಇರಬೇಕು ಅಂತ ಈಗ ನಿಮಗೇ ಗೊತ್ತು. ಡಿಸ್ಕಿನಲ್ಲಿ ಜಾಗ ಇದೆಯಾ ಅಂತ ಮೊದಲು ನೋಡಿಕೊಳ್ಳಿ.

ಕೊನೆಯ ಓಟ ಒಂದಿದೆ. ಬಯಲಿನ ನಡುವಿನ ಒಂದು ಕ್ಷಣದ ಫೈಲ್ ತೆಗೆದುಕೊಂಡು, ಸ್ಪ್ರಿಂಗ್ ಬಿಚ್ಚಿ, 100 ನ್ಯಾನೋಸೆಕೆಂಡ್ ಬಿಡಿ. ಅರ್ಧ ಬಿಚ್ಚಿದ ಹುರಿ ಸುತ್ತಿಕೊಳ್ಳಲು ಶುರು ಮಾಡುತ್ತದಾ, ಇಲ್ಲಾ ಮುದ್ದೆಯಾಗುತ್ತದಾ? ಪೂರ್ತಿ ಮರಳಲು ಈ ಸಮಯ ಸಾಲದೇ ಹೋಗಬಹುದು. ಉಳಿದಿರುವ ಸುರುಳಿಯ ಅಂಚಿನಿಂದ ಒಂದೊಂದೇ ಸುತ್ತು ಸೇರುತ್ತಿದೆಯಾ ಅಂತ ನೋಡಿ. ಎಣ್ಣೆ ಜಾಗಗಳು ತಪ್ಪಾಗಿ, ಒಂದು ಏಳರ ಗುಂಪು ಆಚೀಚೆ ಜಾರಿ ಜೋಡಿಯಾದರೆ ಅದನ್ನೂ ಬರೆದಿಟ್ಟುಕೊಳ್ಳಿ. ನೀರಿನಲ್ಲಿ ರಾತ್ರಿಯಿಡೀ ಬಿಟ್ಟ ಆ ಕೂದಲು ಮಾಡಿಕೊಂಡದ್ದೂ ಇದೇ ರಿಪೇರಿ. ಅದಕ್ಕೆ ಮಾತ್ರ ಸಮಯ ಬೇಕಾದಷ್ಟಿತ್ತು.